ಸಾಕ್ಷಿಯನ್ನು ಶಪಿಸುವವರೊಡನೆ ಎರಡು ಮಾತು

ಸಿರಿಯಾದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ನೀಲಿ ಟೋಪಿಯವರು ಬಂದರು, ಹೆಣ ಎಣಿಸಿದರು, ಹೋದರು." ಯಮನಿನ ವಿಷಯ ಬಂದರೂ ಇದೇ ಮಾತು. ಬೋಸ್ನಿಯಾದ ವಿಷಯವಂತೂ ಹೇಳುವುದೇ ಬೇಡ. ವಿಶ್ವಸಂಸ್ಥೆಯೇ ಸುರಕ್ಷಿತ ವಲಯವೆಂದು ಸಾರಿದ್ದ ಸ್ರೆಬ್ರೆನಿಟ್ಸದಲ್ಲಿ 1995ರ ಜುಲೈ ತಿಂಗಳಲ್ಲಿ ಎಂಟು ಸಾವಿರದಷ್ಟು ಗಂಡಸರೂ ಹುಡುಗರೂ ಕೊಲೆಯಾದ ಮೇಲೆ, ಆ ಕೋಪಕ್ಕೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. ನಾವೂ ಹೇಳುವುದಿಲ್ಲ. 2012ರ ರಮಝಾನಿನಲ್ಲಿ ತರಾವೀಹ್ ಮುಗಿದ ಬಳಿಕ ಮಾಡಿದ ಒಂದು ಸಣ್ಣ ಉಪನ್ಯಾಸದಲ್ಲಿ ನಾವೇ ಆ ಮಾತನ್ನು ಆಡಿದ್ದೆವು. ಕೇಳುಗರು ತಲೆದೂಗಿದ್ದರು. ಆದರೆ ಕೇಳುಗರು ತಲೆದೂಗಿದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲವೆಂಬುದು ಆ ಮೇಲೆ ವಿಷಯವನ್ನು ಓದಿದಾಗ ನಮಗೆ ಅರಿವಾಯಿತು. ಅಂದು ಆಡಿದ ಮಾತಿನಲ್ಲಿ ಅರ್ಧವನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇವೆ. ಉಳಿದರ್ಧವನ್ನು ಅದು ನಿಜವಾಗಿ ತಲುಪಬೇಕಾದ ವಿಳಾಸಕ್ಕೆ ಕಳುಹಿಸುತ್ತಿದ್ದೇವೆ.

ಮೊದಲು ನಡೆದುದೇನೆಂದು ನೋಡೋಣ. ಸಿರಿಯಾದಲ್ಲಿ 2012ರ ಏಪ್ರಿಲ್ 12ರಂದು ಕದನ ವಿರಾಮ ಜಾರಿಗೆ ಬಂತು. ಕೋಫಿ ಅನ್ನಾನ್ ಅವರು ರೂಪಿಸಿದ ಆರು ಅಂಶಗಳ ಯೋಜನೆಯ ಭಾಗ ಅದು. ಪಟ್ಟಣಗಳಲ್ಲಿ ಭಾರೀ ಶಸ್ತ್ರಾಸ್ತ್ರಗಳ ಬಳಕೆಯನ್ನು ನಿಲ್ಲಿಸಬೇಕು, ಸೇನೆ ಹಿಂದೆ ಸರಿಯಬೇಕು, ನೆರವು ಒಳಬರಲು ಬಿಡಬೇಕು, ಬಂಧಿತರನ್ನು ಬಿಡುಗಡೆ ಮಾಡಬೇಕು ಎಂಬುದು ಅದರ ತಿರುಳು. ಏಪ್ರಿಲ್ 14ರಂದು ಭದ್ರತಾ ಮಂಡಳಿ 30 ಮಂದಿ ವೀಕ್ಷಕರ ಮುಂಗಡ ತಂಡಕ್ಕೆ ಅನುಮತಿಯಿತ್ತಿತು. ಏಪ್ರಿಲ್ 21ರ 2043ನೆಯ ನಿರ್ಣಯದಂತೆ ಅದು 300ರವರೆಗಿನ ವೀಕ್ಷಕರ ನಿಯೋಗವಾಯಿತು. ಅವಧಿ 90 ದಿನ. ನಾರ್ವೆಯ ಮೇಜರ್ ಜನರಲ್ ರಾಬರ್ಟ್ ಮೂಡ್ ಅದರ ಮುಖ್ಯಸ್ಥರು. ಈ ಮುನ್ನೂರು ಮಂದಿಯೂ ಸೇನಾಧಿಕಾರಿಗಳು. ಆದರೆ ಒಬ್ಬರ ಸೊಂಟದಲ್ಲೂ ಪಿಸ್ತೂಲಿರಲಿಲ್ಲ. ಬಂದೂಕಿನವರ ನಡುವೆ ಬರಿಗೈಯಲ್ಲಿ ಓಡಾಡಿ, ಕಂಡದ್ದನ್ನು ಬರೆದು ಕಳುಹಿಸುವುದೇ ಅವರಿಗೆ ಒಪ್ಪಿಸಿದ್ದ ಕೆಲಸ.

ಮೇ 25ರ ಶುಕ್ರವಾರ ಹೋಮ್ಸ್ ಪ್ರಾಂತದ ಹೌಲಾದಲ್ಲಿ ಕೊಲೆ ನಡೆಯಿತು. ಮರುದಿನವೇ ವೀಕ್ಷಕರು ಅಲ್ಲಿಗೆ ಹೋದರು. ಲೆಕ್ಕ ಮುಗಿದಾಗ ಸತ್ತವರು 108 ಮಂದಿ. ಅವರಲ್ಲಿ 49 ಮಕ್ಕಳು, 34 ಹೆಂಗಸರು. ಫಿರಂಗಿಯ ಏಟಿಗೆ ಸತ್ತವರು ಇಪ್ಪತ್ತಕ್ಕಿಂತ ಕಡಿಮೆ. ಉಳಿದ ಹೆಚ್ಚಿನವರನ್ನು ಮನೆಗಳಿಗೆ ನುಗ್ಗಿ ಹತ್ತಿರದಿಂದಲೇ ಕೊಲ್ಲಲಾಗಿತ್ತು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಹೇಳಿತು. "ಹೆಣ ಎಣಿಸಿದರು" ಎಂದು ನಾವು ಹಂಗಿಸುವುದು ಈ ಎಣಿಕೆಯನ್ನೇ. ಆದರೆ ಆ ಎಣಿಕೆ ಮಾಡಿದ್ದೇನು? ಶೆಲ್‌ಗಳು ಬಿದ್ದಿದ್ದವೆಂಬುದಕ್ಕೆ ಮೂರನೆಯವರ ಕಣ್ಣು ಸಾಕ್ಷಿಯಾಯಿತು. ಮೇ 27ರಂದು ಭದ್ರತಾ ಮಂಡಳಿ ಒಂದೇ ದನಿಯಲ್ಲಿ ಖಂಡಿಸಿತು. ಎರಡು ದಿನಗಳ ಬಳಿಕ ಹಲವು ದೇಶಗಳು ಸಿರಿಯಾದ ರಾಯಭಾರಿಗಳನ್ನು ಹೊರಗಟ್ಟಿದವು. ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗವು ಸರಕಾರಿ ಪಡೆಗಳನ್ನೂ ಶಬೀಹಾ ಗುಂಪನ್ನೂ ಹೊಣೆಗಾರರೆಂದು ಹೆಸರಿಸಿತು. ಎಣಿಸಿದವರು ಇರದಿದ್ದರೆ ಆ 49 ಮಕ್ಕಳು ಒಂದು ಪಕ್ಷದ ಸುಳ್ಳು ಪ್ರಚಾರವೆಂದು ಇನ್ನೊಂದು ಪಕ್ಷದ ಕಡತ ಸೇರುತ್ತಿದ್ದರು.

ಇದೇ ದಿನಗಳ ಇನ್ನೊಂದು ಸಂಗತಿಯನ್ನು ಓದುಗರು ಮರೆಯಬಾರದು. ಮೇ 27ರಂದು ಬಿ.ಬಿ.ಸಿ. ತನ್ನ ಜಾಲತಾಣದಲ್ಲಿ ಹೌಲಾದ ಮಕ್ಕಳ ಶವಗಳೆಂದು ಒಂದು ಚಿತ್ರವನ್ನು ಹಾಕಿತು. ವಾಸ್ತವದಲ್ಲಿ ಅದು 2003ರಲ್ಲಿ ಇರಾಕಿನಲ್ಲಿ ತೆಗೆದ ಚಿತ್ರ. ತೆಗೆದ ಛಾಯಾಗ್ರಾಹಕನೇ ಗುರುತಿಸಿ ಹೇಳಿದ ಮೇಲೆ ಅದನ್ನು ತೆಗೆದುಹಾಕಲಾಯಿತು. ಅಷ್ಟು ದೊಡ್ಡ ಸುದ್ದಿಸಂಸ್ಥೆಯೇ ಎಡವಿದ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ ಬಂದುದನ್ನು ನೋಡಿದೊಡನೆ ಹತ್ತು ಗುಂಪುಗಳಿಗೆ ದಾಟಿಸುವ ನಮ್ಮ ಗತಿಯೇನು? ನಂಬಲರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಿರಿ, ಅರಿಯದೆ ಒಂದು ಜನಾಂಗಕ್ಕೆ ಕೇಡೆಸಗಿ ಮತ್ತೆ ಪರಿತಪಿಸಬೇಡಿರೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಅದನ್ನು ನಾವು ಜುಮುಅಃ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ! ಪರಿಶೀಲಿಸುವುದೆಂದರೆ ಯಾರಾದರೊಬ್ಬರು ಆ ಊರಿಗೆ ಹೋಗಿ ನೋಡಬೇಕು. ಹೋಗಿ ನೋಡಿದವರು ಆ ನಿರಾಯುಧರೇ.

ನೋಡಲು ಹೋದಾಗಲೂ ಎಲ್ಲೆಡೆ ಅವರಿಗೆ ದಾರಿ ಬಿಡಲಿಲ್ಲ. ಜೂನ್ 6ರಂದು ಹಮಾ ಪ್ರಾಂತದ ಅಲ್ ಕುಬೈರ್ ಎಂಬ ಪುಟ್ಟ ಹಳ್ಳಿಯಲ್ಲಿ ಹತ್ಯೆ ನಡೆದ ಸುದ್ದಿ ಬಂತು. ಮರುದಿನ ಹೊರಟ ವೀಕ್ಷಕರನ್ನು ಸೇನಾ ತಪಾಸಣಾ ಠಾಣೆಗಳಲ್ಲಿ ತಡೆದರು, ಅವರ ವಾಹನಗಳತ್ತ ಗುಂಡು ಹಾರಿತು. ಜೂನ್ 8ರಂದು ಅವರು ಒಳಹೊಕ್ಕಾಗ ಊರಿನಲ್ಲಿ ಜನರಿರಲಿಲ್ಲ. ಗೋಡೆಗಳಲ್ಲಿ ರಕ್ತವಿತ್ತು, ಸುಟ್ಟ ಮಾಂಸದ ವಾಸನೆಯಿತ್ತು. ಇದಕ್ಕೂ ಮೊದಲೇ, ವೀಕ್ಷಕರೊಡನೆ ಮಾತನಾಡಿದವರನ್ನು ಅವರು ಹೊರಟುಹೋದ ಮೇಲೆ ಹಿಂಸಿಸಲಾಗುತ್ತಿದೆ, ಬಹುಶಃ ಕೊಲ್ಲಲಾಗುತ್ತಿದೆ ಎಂಬ ನಂಬಲರ್ಹ ವರದಿಗಳು ಬಂದಿವೆಯೆಂದು ಅನ್ನಾನ್ ಅವರ ವಕ್ತಾರರೇ ಪತ್ರಕರ್ತರಿಗೆ ತಿಳಿಸಿದ್ದರು. ಸಾಲದ ಪತ್ರವನ್ನು ಬರೆಯುವವನಿಗಾಗಲಿ ಅದಕ್ಕೆ ಸಾಕ್ಷಿ ನಿಲ್ಲುವವನಿಗಾಗಲಿ ತೊಂದರೆ ಕೊಡಬಾರದೆಂಬ ವಿಧಿ ಅಲ್ ಬಕರಃದ ಅತಿ ದೀರ್ಘ ಸೂಕ್ತದಲ್ಲಿದೆ. ಸಾಲದ ಸಾಕ್ಷಿಗೆ ಅಷ್ಟು ರಕ್ಷಣೆ. ರಕ್ತದ ಸಾಕ್ಷಿಗೆ ಗುಂಡು ಹೊಡೆದವರ ಹೆಸರೆತ್ತದೆ ಸಾಕ್ಷಿಯನ್ನೇ ಶಪಿಸುವ ನಮ್ಮ ಭಾಷಣಕಾರರನ್ನು ಏನೆನ್ನೋಣ?

ಜೂನ್ ಆರಂಭದಲ್ಲಿ ಸಶಸ್ತ್ರ ವಿರೋಧಿಗಳೂ ತಾವಿನ್ನು ಕದನ ವಿರಾಮಕ್ಕೆ ಬದ್ಧರಲ್ಲವೆಂದರು. ಜೂನ್ 16ರಂದು ಮೂಡ್ ಅವರು ಗಸ್ತು ನಿಲ್ಲಿಸಿದರು. ಜುಲೈ 19ರಂದು, ನಿರ್ಬಂಧದ ಎಚ್ಚರಿಕೆಯಿದ್ದ ನಿರ್ಣಯಕ್ಕೆ ರಷ್ಯಾ ಮತ್ತು ಚೀನಾ ವೀಟೋ ಹಾಕಿದವು. ಮರುದಿನ ನಿಯೋಗಕ್ಕೆ ಕೊನೆಯ 30 ದಿನಗಳ ಅವಧಿಯನ್ನು ಕೊಡಲಾಯಿತು. ಆ ವರ್ಷದ ರಮಝಾನ್ ಉಪವಾಸ ಮೊದಲಾದುದೂ ಅದೇ ಹೊತ್ತಿಗೆ. ಆಗಸ್ಟ್ 19ರ ನಡುರಾತ್ರಿ ನಿಯೋಗದ ಅವಧಿ ಮುಗಿಯಿತು. ಸಿರಿಯಾದಲ್ಲಿ ಅಂದು ಈದುಲ್ ಫಿತ್ರ್.

ಈಗ ವಿಚಾರಿಸೋಣ, ಇಲ್ಲಿ ಸೋತವರು ಯಾರು? ಮದ್ರಸದಲ್ಲಿ ಫಿಕ್‌ಹ್‌ನ ಆರಂಭಿಕ ಪಾಠ ಕಲಿತ ಬಾಲಕನಿಗೂ ಖಾಝಿ ಬೇರೆ, ಸಾಕ್ಷಿ ಬೇರೆ ಎಂದು ಗೊತ್ತು. ಸಾಕ್ಷಿ ತಾನು ಕಂಡುದನ್ನು ಕೂಡಿಸದೆ ಕಳೆಯದೆ ಹೇಳಬೇಕು, ನ್ಯಾಯವಂತನಾಗಿರಬೇಕು. ತೀರ್ಪು ಅವನದಲ್ಲ, ತೀರ್ಪಿನ ಜಾರಿಯಂತೂ ಅವನದಲ್ಲವೇ ಅಲ್ಲ. ಸಿರಿಯಾದಲ್ಲಿ ಸಾಕ್ಷಿ ಬಂದ, ನುಡಿದ. ನ್ಯಾಯಪೀಠದಲ್ಲಿ ಕುಳಿತ ಐವರಲ್ಲಿ ಇಬ್ಬರು ಕೈಯೆತ್ತಿ ಪುಸ್ತಕ ಮುಚ್ಚಿದರು. ನಾವು ಹಿಂತೆಗೆದುಕೊಳ್ಳದೆ ಉಳಿಸಿಕೊಂಡ ಆ ಅರ್ಧ ಕೋಪ ಹೋಗಬೇಕಾದದ್ದು ಈ ಪೀಠಕ್ಕೆ, ವೀಟೋ ಎಂಬ ಆ ಅನ್ಯಾಯದ ಹಕ್ಕಿಗೆ.

ಇದಕ್ಕಿಂತ ಕಹಿಯಾದ ಇನ್ನೊಂದು ಸತ್ಯವಿದೆ. ಅದನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ವಿಶ್ವಸಂಸ್ಥೆಯ ವೀಕ್ಷಕರಿಗಿಂತ ನಾಲ್ಕು ತಿಂಗಳು ಮೊದಲು ಸಿರಿಯಾಕ್ಕೆ ವೀಕ್ಷಕರನ್ನು ಕಳುಹಿಸಿದ್ದು ಅರಬ್ ಲೀಗ್. ನಮ್ಮವರೇ, ನಮ್ಮ ಭಾಷೆಯ ಸಲಾಮ್ ಹೇಳುವವರೇ. 2011ರ ಡಿಸೆಂಬರ್ ಕೊನೆಯಲ್ಲಿ ಅವರು ಕೆಲಸ ಆರಂಭಿಸಿದರು. ಮುಖ್ಯಸ್ಥರಾಗಿ ಆರಿಸಲ್ಪಟ್ಟವರು ಸುಡಾನಿನ ಜನರಲ್ ಮುಹಮ್ಮದ್ ಅದ್ದಾಬಿ. ಒಮರ್ ಅಲ್ ಬಷೀರ್ ಅವರ ಆಡಳಿತದಲ್ಲಿ ಸೇನಾ ಬೇಹುಗಾರಿಕೆಯನ್ನು ನಡೆಸಿದವರು, ದಾರ್ಫುರ್‌ನಲ್ಲಿಯೂ ಹೊಣೆ ಹೊತ್ತಿದ್ದವರು. ದಾರ್ಫುರ್‌ನ ವಿಷಯದಲ್ಲಿ ಬಷೀರ್ ಅವರ ಮೇಲೆ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಂಧನ ವಾರಂಟ್ ಇದ್ದ ಕಾಲವದು. ಇಂತಹವರನ್ನು ಸಾಕ್ಷಿಪೀಠದಲ್ಲಿ ಕೂರಿಸಿದರೆ ಹೋಮ್ಸ್‌ನ ತಾಯಿ ಏನೆಂದುಕೊಳ್ಳಬೇಕು? ಜನವರಿಯಲ್ಲಿ ಅಲ್ಜೀರಿಯಾದ ಒಬ್ಬ ವೀಕ್ಷಕರು ಇದು ಬರಿಯ ನಾಟಕವೆಂದು ಸಾರಿ ಹೊರಬಂದರು. ಸೌದಿ ಅರೇಬಿಯಾ ತನ್ನವರನ್ನು ಹಿಂದಕ್ಕೆ ಕರೆಸಿಕೊಂಡಿತು, ಇತರ ಕೊಲ್ಲಿ ರಾಷ್ಟ್ರಗಳು ಅದನ್ನು ಹಿಂಬಾಲಿಸಿದವು. ಜನವರಿ 28ರಂದು ನಿಯೋಗ ಸ್ಥಗಿತಗೊಂಡಿತು. ಪೂರ್ತಿ ಐದು ವಾರವೂ ಆಗಿರಲಿಲ್ಲ. ಮೂಡ್ ಅವರ ತಂಡ ಎಡವಿತೆಂದು ಬೆರಳು ತೋರುವ ಮೊದಲು, ನಮ್ಮ ಬೆರಳು ಈ ದಿಕ್ಕಿಗೂ ತಿರುಗಲಿ.

ಇನ್ನು ಕೆಲವರ ವಾದ ಬೇರೆ. ಮುಸ್ಲಿಮರ ಜಗಳದ ನಡುವೆ ಮುಸ್ಲಿಮೇತರ ಸಾಕ್ಷಿ ನಿಲ್ಲುವುದೇ ಸಲ್ಲದು, ಅದು ಒಳಸಂಚು ಎನ್ನುತ್ತಾರೆ. ಮೊದಲಿಗೆ, ಅವರು ಊಹಿಸಿದಂತೆ ನೀಲಿ ಟೋಪಿಯ ಕೆಳಗಿರುವ ತಲೆಗಳೆಲ್ಲ ಪಾಶ್ಚಾತ್ಯರದಲ್ಲ. ಸಿರಿಯಾಕ್ಕೆ ಹೋದ ಮುಂಗಡ ತಂಡದ ನಾಯಕರು ಮೊರೊಕ್ಕೊದ ಕರ್ನಲ್ ಅಹ್ಮದ್ ಹಿಮ್ಮಿಶ್. ಮೂಡ್ ಅವರ ನಂತರ ನಿಯೋಗವನ್ನು ನಡೆಸಿದ ಜನರಲ್ ಬಾಬಕಾರ್ ಗಾಯ್ ಅವರು ಬಂದದ್ದು ಮುಸ್ಲಿಮ್ ಬಹುಸಂಖ್ಯಾತ ಸೆನೆಗಲ್‌ನಿಂದ. ಬಾಂಗ್ಲಾದೇಶ, ಪಾಕಿಸ್ತಾನ, ಇಂಡೋನೇಷ್ಯಾಗಳು ವಿಶ್ವಸಂಸ್ಥೆಯ ಪಡೆಗಳಿಗೆ ದಶಕಗಳಿಂದ ಸಾವಿರಾರು ಮಂದಿಯನ್ನು ಕಳುಹಿಸುತ್ತಿವೆ.

ಎರಡನೆಯದು, ಹುದೈಬಿಯಾ. ಪ್ರವಾದಿ(ಸ) ಅವರು ಮಕ್ಕಾದವರೊಡನೆ ಹತ್ತು ವರ್ಷಗಳ ಕದನ ವಿರಾಮಕ್ಕೆ ಒಪ್ಪಿದಾಗ ಆ ಪತ್ರಕ್ಕೆ ಅಬೂಬಕರ್(ರ), ಉಮರ್(ರ) ಮೊದಲಾದವರೊಂದಿಗೆ ಮಿಕ್ರಝ್ ಬಿನ್ ಹಫ್ಸ್ ಎಂಬವನೂ ಸಾಕ್ಷಿಯಾದನೆಂದು ಇಬ್ನು ಇಸ್ಹಾಕ್ ದಾಖಲಿಸಿದ್ದಾರೆ. ಮಿಕ್ರಝ್ ಆಗ ಬಹುದೇವಾರಾಧಕ. ಆ ಪತ್ರದ ಮೇಲೆ ಅವನ ಹೆಸರಿದ್ದುದು ಯಾರಿಗೂ ಒಳಸಂಚಾಗಿ ಕಾಣಲಿಲ್ಲ.

ಮೂರನೆಯದು ಸಿಫ್ಫೀನ್. ಹಿಜರಿ 37ರಲ್ಲಿ ಅಲಿ(ರ) ಮತ್ತು ಮುಆವಿಯಾ(ರ) ಅವರ ಸೈನ್ಯಗಳು ಎದುರುಬದುರಾಗಿ, ಕೊನೆಗೆ ಇಬ್ಬರು ಮಧ್ಯಸ್ಥರ ತೀರ್ಮಾನಕ್ಕೆ ಒಪ್ಪಿದವು. ಆಗ ಅಲಿ(ರ) ಅವರ ಪಾಳೆಯದಿಂದಲೇ ಒಂದು ಗುಂಪು ಹೊರನಡೆಯಿತು. ತೀರ್ಪು ಅಲ್ಲಾಹನದು ಮಾತ್ರ, ಮನುಷ್ಯರನ್ನು ಮಧ್ಯಸ್ಥರನ್ನಾಗಿಸುವುದು ಸತ್ಯನಿಷೇಧ ಎಂಬುದು ಆ ಖಾರಿಜಿಗಳ ವಾದ. ಇಬ್ನು ಅಬ್ಬಾಸ್(ರ) ಅವರು ಅವರ ಬಳಿಗೆ ಹೋಗಿ ಕೊಟ್ಟ ಉತ್ತರ ಎಷ್ಟು ಸರಳ! ಗಂಡ ಹೆಂಡಿರ ನಡುವೆ ಬಿರುಕು ಬಂದರೆ ಅವನ ಕಡೆಯಿಂದ ಒಬ್ಬ, ಅವಳ ಕಡೆಯಿಂದ ಒಬ್ಬ ಮಧ್ಯಸ್ಥನನ್ನು ನೇಮಿಸಿರೆಂದು ಕುರ್‌ಆನ್ ಹೇಳಿರುವಾಗ, ಒಂದು ಸಮುದಾಯದ ರಕ್ತವನ್ನು ಉಳಿಸಲು ಮಧ್ಯಸ್ಥಿಕೆ ತಪ್ಪಾಗುವುದು ಹೇಗೆ ಎಂದು ಅವರು ಕೇಳಿದರು. ಸಾವಿರಾರು ಮಂದಿ ಹಿಂದಿರುಗಿದರು. ಇಂದು ವೀಕ್ಷಕರನ್ನು ಒಳಸಂಚೆಂದು ತಳ್ಳಿಹಾಕುವವರು ತಮ್ಮ ವಾದದ ವಂಶಾವಳಿಯನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.

ನಮಗೆ ತಿಳಿದ ಒಂದು ಮನೆತನದಲ್ಲಿ ಅಣ್ಣತಮ್ಮಂದಿರ ನಡುವೆ ತೋಟ ಪಾಲಾಗುವಾಗ ಜಮಾಅತ್‌ನ ಹಿರಿಯರ ಮೇಲೆ ಇಬ್ಬರಿಗೂ ನಂಬಿಕೆಯಿರಲಿಲ್ಲ. ಇವರು ಅವನ ಕಡೆ ಎಂದು ಇವನು, ಇವನ ಕಡೆ ಎಂದು ಅವನು. ಕೊನೆಗೆ ಸರಪಳಿ ಹಿಡಿದು ಅಳೆದು ಗಡಿಕಲ್ಲು ನೆಡಿಸಿದವರು ಪಕ್ಕದೂರಿನ ಒಬ್ಬ ನಿವೃತ್ತ ಸರ್ವೆಯರ್. ಅವರು ನಮ್ಮವರಲ್ಲ. ಇಂದಿಗೂ ಆ ಕಲ್ಲನ್ನು ಯಾರೂ ಅಲುಗಾಡಿಸಿಲ್ಲ.

ದೂರದ ನಾರ್ವೆಯವರೇ ಏಕೆ, ನಮ್ಮ ಕೊಡಗಿನವರನ್ನೇ ನೆನೆಯಬಹುದು. 1963ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನ ಗ್ರೀಕ್ ಕ್ರೈಸ್ತರಿಗೂ ತುರ್ಕಿ ಮುಸ್ಲಿಮರಿಗೂ ಕಾಳಗ ಹತ್ತಿ, 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಪಡೆ ರಚನೆಯಾಯಿತು. ಅದೇ ವರ್ಷ ಅದರ ದಂಡನಾಯಕತ್ವ ವಹಿಸಿದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ. ಎರಡು ಪಾಳೆಯಗಳ ನಡುವೆ ನಿಂತ ಆ ಕೆಲಸದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು ಅವರು ಅಲ್ಲಿ ತೀರಿಕೊಂಡರು. ಇತ್ತೀಚೆಗೆ ಯಮನಿನ ಹುದೈದಾ ಬಂದರಿನ ಕದನ ವಿರಾಮವನ್ನು ನೋಡಿಕೊಳ್ಳುವ ನಿಯೋಗದ ಮುಖ್ಯಸ್ಥರಾಗಿದ್ದವರು ಭಾರತದ ನಿವೃತ್ತ ಲೆಫ್ಟಿನೆಂಟ್ ಜನರಲ್ ಅಭಿಜಿತ್ ಗುಹಾ. ಸೈಪ್ರಸ್‌ನ ಪಡೆ ಅರುವತ್ತು ವರ್ಷ ಕಳೆದರೂ ಅಲ್ಲೇ ಇದೆ, ದ್ವೀಪ ಇನ್ನೂ ಒಡೆದೇ ಇದೆ ಎಂಬುದನ್ನು ಮರೆಮಾಚುವುದು ಸರಿಯಲ್ಲ. ನಡುವೆ ನಿಲ್ಲುವವರು ಜಗಳವನ್ನು ತಡೆದಾರು, ಮುಗಿಸಲಾರರು.

ಮುಗಿಸುವುದು ಯಾರ ಕೈಯಲ್ಲಿದೆ ಎಂಬುದನ್ನು ಆಚೆ ತೋರಿಸಿಕೊಟ್ಟಿತು. ಸುಮಾತ್ರಾ ದ್ವೀಪದ ಉತ್ತರ ತುದಿಯ ಈ ನಾಡನ್ನು ಮಕ್ಕಾದ ವರಾಂಡವೆಂದು ಕರೆಯುತ್ತಾರೆ. ಹಜ್ಜ್ ಯಾತ್ರಿಕರ ಹಡಗುಗಳು ಹಿಂದೆ ಅಲ್ಲಿಂದ ಹೊರಡುತ್ತಿದ್ದವು. ಹಸನ್ ದಿ ತಿರೊ ಅವರು 1976ರ ಡಿಸೆಂಬರ್ 4ರಂದು ಸ್ವತಂತ್ರ ಆಚೆ ಚಳುವಳಿಯನ್ನು ಘೋಷಿಸಿದಂದಿನಿಂದ ಸುಮಾರು ಮೂವತ್ತು ವರ್ಷ ಅಲ್ಲಿ ಯುದ್ಧ ನಡೆಯಿತು, ಹದಿನೈದು ಸಾವಿರದಷ್ಟು ಜನ ಸತ್ತರು. ಕೊಂದವರೂ ಮುಸ್ಲಿಮರು, ಸತ್ತವರೂ ಮುಸ್ಲಿಮರು. ವಿಶ್ವಾಸಿಗಳ ಎರಡು ಪಂಗಡಗಳು ಪರಸ್ಪರ ಕಾದಾಡಿದರೆ ಅವರ ನಡುವೆ ಸಂಧಾನ ಮಾಡಿಸಿರಿ ಎಂಬ ಆದೇಶವಿರುವುದು ಇಂತಹ ಸನ್ನಿವೇಶಕ್ಕೇ. ಆ ಮೂವತ್ತು ವರ್ಷಗಳಲ್ಲಿ ಸಂಧಾನದ ಮೇಜನ್ನು ಹಾಕಿದವರು ಮೊದಲು ಜಿನೀವಾದ ಒಂದು ಸಂಸ್ಥೆ, ಆ ಮೇಲೆ ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ.

ಮೊದಲ ಪ್ರಯತ್ನ ಮುರಿದುಬಿತ್ತು. 2002ರ ಡಿಸೆಂಬರ್ 9ರ ಒಪ್ಪಂದದಂತೆ ಸರಕಾರ, ಬಂಡಾಯಗಾರರು ಮತ್ತು ಥಾಯ್ಲೆಂಡ್, ಫಿಲಿಪ್ಪೀನ್ಸ್‌ನ ಅಧಿಕಾರಿಗಳು ಸೇರಿದ ವೀಕ್ಷಕ ತಂಡ ರಚನೆಯಾಯಿತು. ಬಂದೂಕು ಒಪ್ಪಿಸುವ ಮಾತಿನಲ್ಲಿ ಒಬ್ಬರಿಗೊಬ್ಬರ ಮೇಲೆ ನಂಬಿಕೆ ಬರಲಿಲ್ಲ. ವೀಕ್ಷಕರ ಕಚೇರಿಗಳ ಮೇಲೆ ಗುಂಪುಗಳು ದಾಳಿ ಮಾಡಿದವು. 2003ರ ಮೇ 19ರಂದು ಸೇನಾಡಳಿತ ಬಂತು. ಮತ್ತೆ 2004ರ ಡಿಸೆಂಬರ್ 26ರ ಬೆಳಿಗ್ಗೆ ಸಮುದ್ರವೇ ಎದ್ದು ಬಂತು. 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಸಹಿ ಬಿತ್ತು.

ಈ ಸಲ ಬಂದ ವೀಕ್ಷಕರೂ ನಿರಾಯುಧರೇ. ಯುರೋಪ್ ಒಕ್ಕೂಟ, ನಾರ್ವೆ, ಸ್ವಿಟ್ಝರ್ಲೆಂಡ್‌ಗಳೊಡನೆ ಮಲೇಷ್ಯಾ, ಬ್ರೂನೈ, ಥಾಯ್ಲೆಂಡ್, ಫಿಲಿಪ್ಪೀನ್ಸ್, ಸಿಂಗಾಪುರದವರು ಸೇರಿ ಸುಮಾರು 230 ಮಂದಿ. ಸಿರಿಯಾದ ತಂಡಕ್ಕಿಂತ ಚಿಕ್ಕದು. ಮುಖ್ಯಸ್ಥರು ನೆದರ್ಲೆಂಡಿನ ಪೀಟರ್ ಫೈತ್. ಆದರೆ ಒಪ್ಪಂದದ ಪತ್ರದಲ್ಲಿ ಅಳೆದು ತೂಗಬಹುದಾದ ಅಂಕೆಗಳಿದ್ದವು: ಬಂಡಾಯಗಾರರು 840 ಬಂದೂಕುಗಳನ್ನು ಒಪ್ಪಿಸಬೇಕು, 3000 ಹೋರಾಟಗಾರರನ್ನು ವಿಸರ್ಜಿಸಬೇಕು, ಸರಕಾರವು ಆಚೆಯಲ್ಲಿ 14,700 ಸೈನಿಕರನ್ನೂ 9,100 ಪೊಲೀಸರನ್ನೂ ಮಾತ್ರ ಉಳಿಸಿಕೊಳ್ಳಬೇಕು. ಎರಡೂ ಕೆಲಸ ನಾಲ್ಕು ಕಂತುಗಳಲ್ಲಿ, ಒಂದರ ಹಿಂದೆ ಒಂದಾಗಿ ಹೆಜ್ಜೆಯಿಡಬೇಕು. ವಿವಾದ ಬಂದು ಬಗೆಹರಿಯದಿದ್ದರೆ ನಿಯೋಗದ ಮುಖ್ಯಸ್ಥರು ಕೊಡುವ ತೀರ್ಮಾನ ಇಬ್ಬರಿಗೂ ಕಡ್ಡಾಯ. ಸಿರಿಯಾದ ಸಾಕ್ಷಿಗಿರದಿದ್ದ ಅಧಿಕಾರ ಇದೇ. ಜನರೆದುರಿಗೆ ಬಂದೂಕುಗಳನ್ನು ಯಂತ್ರದ ಗರಗಸದಿಂದ ತುಂಡರಿಸಿದರು. ಬಂಡಾಯಗಾರರು ತಂದದ್ದು ಸಾವಿರಕ್ಕೂ ಹೆಚ್ಚು. ಲೆಕ್ಕಕ್ಕೆ ಸಲ್ಲದ ನೂರಕ್ಕೂ ಮಿಕ್ಕಿದ ಬಂದೂಕುಗಳನ್ನು ವೀಕ್ಷಕರು ಬದಿಗಿಟ್ಟು, 840 ತುಂಬುವವರೆಗೆ ಬಿಡಲಿಲ್ಲ. ಅತ್ತ ಸೈನಿಕರು ಹಡಗು ಹತ್ತುವುದನ್ನೂ ಹಾಗೆಯೇ ಎಣಿಸಿದರು. ಡಿಸೆಂಬರ್ ಮುಗಿಯುವುದರೊಳಗೆ ಎರಡೂ ಕಡೆಯ ಲೆಕ್ಕ ಚುಕ್ತಾ ಆಯಿತು. ಮುಂದಿನ ವರ್ಷ ಡಿಸೆಂಬರ್ 11ರ ಚುನಾವಣೆಯಲ್ಲಿ ಗೆದ್ದು ರಾಜ್ಯಪಾಲರಾದವರು ಇರ್ವಂದಿ ಯೂಸುಫ್. ಅಲೆ ಬಂದ ದಿನ ಬಂಡಾಯಗಾರನೆಂದು ಸೆರೆಮನೆಯಲ್ಲಿದ್ದು, ನೀರು ನುಗ್ಗಿದಾಗ ಪಾರಾದ ವ್ಯಕ್ತಿ.

"ಅದು ಸುನಾಮಿಯ ಪರಿಣಾಮ, ವೀಕ್ಷಕರದ್ದಲ್ಲ" ಎಂಬ ಆಕ್ಷೇಪ ಕೇಳಿದ್ದೇವೆ. ಹಾಗಿದ್ದರೆ ಶ್ರೀಲಂಕಾವನ್ನು ನೋಡಿರಿ. ಅದೇ ದಿನ ಅದೇ ಅಲೆ ಅಲ್ಲಿಯೂ ಹತ್ತಾರು ಸಾವಿರ ಜನರನ್ನು ಕೊಚ್ಚಿಕೊಂಡುಹೋಯಿತು. ಅಲ್ಲಿ 2002ರಿಂದಲೇ ನಾರ್ವೆ ಮತ್ತದರ ನೆರೆಯ ದೇಶಗಳ ವೀಕ್ಷಕರಿದ್ದರು. ಆದರೆ ಅಲ್ಲಿ ಯಾರೂ ಬಂದೂಕನ್ನು ಕೆಳಗಿಡಲಿಲ್ಲ. ಯುರೋಪ್ ಒಕ್ಕೂಟ ತನ್ನನ್ನು ನಿಷೇಧಿಸಿದ ಮೇಲೆ, ಆ ಒಕ್ಕೂಟದ ದೇಶಗಳ ವೀಕ್ಷಕರು ಹೊರಡಬೇಕೆಂದು ಎಲ್‌ಟಿಟಿಇ 2006ರಲ್ಲಿ ಪಟ್ಟು ಹಿಡಿಯಿತು. ಸರಕಾರ 2008ರ ಜನವರಿಯಲ್ಲಿ ಒಪ್ಪಂದದಿಂದಲೇ ಹೊರಬಂತು. ಮುಂದೆ 2009ರ ಮೇ ತಿಂಗಳವರೆಗೆ ಏನಾಯಿತೆಂಬುದು ನಮ್ಮ ನೆರೆಯಲ್ಲೇ ನಡೆದ ಕಥೆ. ಅಲೆ ಒಂದೇ, ನಿರಾಯುಧ ವೀಕ್ಷಕರೂ ಒಂದೇ ಬಗೆಯವರು. ಬೇರೆಯಾಗಿದ್ದುದು ಸಹಿ ಹಾಕಿದವರ ಮನಸ್ಸು.

ಮುಸ್ಲಿಮ್ ದೇಶಗಳಿಗೆ ಈ ಕೆಲಸ ಬಾರದೆಂದೂ ಅಲ್ಲ. ಫಿಲಿಪ್ಪೀನ್ಸ್‌ನ ಮಿಂಡನಾವೊದಲ್ಲಿ ಸರಕಾರಕ್ಕೂ ಮೊರೊ ಇಸ್ಲಾಮಿಕ್ ವಿಮೋಚನಾ ರಂಗಕ್ಕೂ ನಡುವಿನ ಕದನ ವಿರಾಮವನ್ನು ನೋಡಿಕೊಳ್ಳಲು 2004ರಲ್ಲಿ ಮಲೇಷ್ಯಾದ ನಾಯಕತ್ವದಲ್ಲಿ ಬ್ರೂನೈ, ಲಿಬಿಯಾದವರು ಹೋದರು. ಹತ್ತು ವರ್ಷ ಕಳೆದು 2014ರ ಮಾರ್ಚ್ 27ರಂದು ಸಮಗ್ರ ಒಪ್ಪಂದಕ್ಕೆ ಸಹಿಯಾಯಿತು. ಅಲ್ಲಿ ಕ್ರೈಸ್ತ ಬಹುಸಂಖ್ಯಾತ ಸರಕಾರ ಮುಸ್ಲಿಮ್ ವೀಕ್ಷಕರನ್ನು ನಂಬಿತು. 57 ಸದಸ್ಯ ರಾಷ್ಟ್ರಗಳ ಇಸ್ಲಾಮಿಕ್ ಸಹಕಾರ ಸಂಘಟನೆಯು ದಮಾಸ್ಕಸ್‌ಗೂ ಸನಾಗೂ ಖಾರ್ತೂಮ್‌ಗೂ ಇಂತಹದೊಂದು ತಂಡವನ್ನು ಏಕೆ ಕಟ್ಟಲಿಲ್ಲ? ಕಟ್ಟಲಾಗದ್ದಕ್ಕೆ ಕಾರಣ ಹಣದ ಕೊರತೆಯಲ್ಲ. ಆ ಯುದ್ಧಗಳಲ್ಲಿ ಬಂದೂಕು ಒದಗಿಸಿದವರಲ್ಲಿ ಅದರ ಸದಸ್ಯರೇ ಇದ್ದರು. ಒಂದು ಪಾಳೆಯಕ್ಕೆ ಗುಂಡು ಕೊಟ್ಟವನು ಎರಡು ಪಾಳೆಯಗಳ ನಡುವೆ ಸಾಕ್ಷಿಯಾಗಿ ನಿಲ್ಲಲಾರ. ನಮ್ಮ ಭಾಷಣಕಾರರು ಮೈಕಿನ ಮುಂದೆ ಕೇಳಬೇಕಾದ ಪ್ರಶ್ನೆ ಇದು. ನೀಲಿ ಟೋಪಿಯನ್ನು ಬಯ್ಯುವುದಾದರೆ ಯಾರ ಮನಸ್ಸೂ ನೋಯುವುದಿಲ್ಲ, ಯಾರ ದೇಣಿಗೆಯೂ ನಿಲ್ಲುವುದಿಲ್ಲ.

ಆಚೆಯಲ್ಲಿ ಎಲ್ಲವೂ ಸರಿಹೋಯಿತೆಂದು ನಾವು ಹೇಳುತ್ತಿಲ್ಲ. ಹೆಲ್ಸಿಂಕಿಯ ಪತ್ರದಲ್ಲಿ ಸತ್ಯ ಮತ್ತು ಸಂಧಾನ ಆಯೋಗದ ಮಾತಿತ್ತು. ವೀಕ್ಷಕರು 2006ರ ಡಿಸೆಂಬರ್ 15ರಂದು ಹೊರಟಾಗ ಅದು ಕಾಗದದಲ್ಲೇ ಉಳಿದಿತ್ತು. ಆಯೋಗದ ಸದಸ್ಯರು ಅಧಿಕಾರ ವಹಿಸಿಕೊಂಡದ್ದು 2016ರಲ್ಲಿ. ಬಂದೂಕುಗಳನ್ನು ಎಣಿಸಲು ನಾಲ್ಕು ತಿಂಗಳು ಸಾಕಾಗಿತ್ತು. ಮಗನನ್ನು ಯಾರು ಕರೆದೊಯ್ದರೆಂದು ಹೇಳಲು ಕಾದಿದ್ದ ಹಳ್ಳಿಯ ತಾಯಂದಿರ ಬಳಿ ಕಾಗದ ಲೇಖನಿ ಹಿಡಿದು ಒಬ್ಬರು ಬಂದು ಕೂರಲು ಹತ್ತು ವರ್ಷ ಬೇಕಾಯಿತು.